ಆಟದ ಅಂಗಳ ಹುಡುಕಿದ ಸಂತ ಡಾನ್ ಬೊಸ್ಕೊ

ಸಂತ ಜಾನ್ ಬೊಸ್ಕೊರವರು 1815ರ ಆಗಸ್ಟ್ 16ರಂದು ಇಟಲಿಯ ಬೆಕ್ಕಿ ಎಂಬಲ್ಲಿ ಬಡ ರೈತ ಕುಟುಂಬದಲ್ಲಿ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ಹಗ್ಗದ ಮೇಲೆ ನಡೆದು ತೋರಿಸಿ ಓರಗೆಯವರನ್ನು ಪ್ರಾರ್ಥನೆಗೆ ಸೇರಿಸುತ್ತಿದ್ದ ಹುಡುಗ ಇವರು.

1841ರಲ್ಲಿ ಗುರುದೀಕ್ಷೆ ಪಡೆದು ಟ್ಯೂರಿನ್ ನಗರಕ್ಕೆ ಬಂದಾಗ ಕಂಡದ್ದು ಗಾರೆ ಕೆಲಸದಲ್ಲಿ ದುಡಿಯುವ, ಸೆರೆಮನೆಯಲ್ಲಿ ಕೊಳೆಯುವ ಎಳೆಯರನ್ನು. ಭಾನುವಾರ ಅವರನ್ನು ಕೂಡಿಸಿ ಬಲಿಪೂಜೆ, ಧರ್ಮೋಪದೇಶದ ಬಳಿಕ ಆಟಕ್ಕೆ ಬಿಟ್ಟರು. ತೊಂದರೆ ಶುರುವಾದದ್ದೇ ಅಲ್ಲಿ! ಗದ್ದಲವೆಂದು ಒಂದೊಂದೇ ಜಾಗದಿಂದ ಎಬ್ಬಿಸಿದರು. ಹುಲ್ಲು ಹಾಳಾಯಿತೆಂದು ಬಯಲಿನ ಒಡೆಯರೂ ಹೊರಹಾಕಿದರು. ಕೊನೆಗೆ 1846ರ ಈಸ್ಟರ್ ಹಬ್ಬದಂದು ವಾಲ್ಡೊಕ್ಕೊದಲ್ಲಿ ಪಿನಾರ್ಡಿ ಎಂಬವರ ತಗ್ಗು ಮಾಡಿನ ಕೊಟ್ಟಿಗೆ ದೊರೆಯಿತು, ಸುತ್ತ ಓಡಲು ಜಾಗವೂ.

ಅಲ್ಲಿ ನಿಲುವಂಗಿಯಲ್ಲೇ ಮಕ್ಕಳೊಂದಿಗೆ ಓಡುತ್ತಿದ್ದರು. ಅದೇ ಬೇಸಿಗೆಯಲ್ಲಿ ಕಾಯಿಲೆ ಬಿದ್ದು ಸಾಯುವಂತಾಗಿ ಬದುಕಿದರು. ಮುಂದೆ ಶಾಲೆ, ಕಸುಬಿನ ತರಬೇತಿ ಬಂದರೂ ಅಂಗಳ ಉಳಿಯಿತು. ಶಿಕ್ಷಕರೂ ಅಂಗಳಕ್ಕಿಳಿದು ಆಡಬೇಕೆಂಬುದು ಅವರ ಪದ್ಧತಿ. 5ರಿಂದ 17 ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಇಂದು ಹೇಳುತ್ತದೆ. ಹೃದಯಕ್ಕೂ ರಕ್ತದ ಸಕ್ಕರೆಗೂ ಅದು ಒಳ್ಳೆಯದು. ಅಂಗಳವಿಲ್ಲದ ಬಡ ಮಕ್ಕಳಿಗೆ ಶಾಲೆಯಲ್ಲದೆ ಅದು ಇನ್ನೆಲ್ಲಿ ಸಿಗಬೇಕು?

1888ರ ಜನವರಿ 31ರಂದು ನಿಧನರಾದ ಅವರನ್ನು 1934ರಲ್ಲಿ ಸಂತರೆಂದು ಘೋಷಿಸಲಾಯಿತು.