ಬೆರ್ಜೀಲಿಯಸ್ ಕಂಡ ಬೆಳಕು

ಜಲಜನಕಕ್ಕೆ ಎಚ್, ಆಮ್ಲಜನಕಕ್ಕೆ ಓ ಎಂದು ಕಂಠಪಾಠ ಮಾಡಿದ ನಾವೆಲ್ಲರೂ ಯಾನ್ಸ್ ಯಾಕೋಬ್ ಬೆರ್ಜೀಲಿಯಸನಿಗೆ ಋಣಿಗಳು. ಮೂಲವಸ್ತುಗಳನ್ನು ಅಕ್ಷರಗಳಿಂದ ಸೂಚಿಸುವ ಇಂದಿನ ಪದ್ಧತಿಯನ್ನು ರೂಪಿಸಿದವನು ಆತನೇ. 1779ರಲ್ಲಿ ಸ್ವೀಡನ್ನಿನಲ್ಲಿ ಜನಿಸಿದ ಆತನು ಎಳವೆಯಲ್ಲಿಯೇ ಉಪಾಧ್ಯಾಯನಾಗಿದ್ದ ತಂದೆಯನ್ನೂ, ಅನಂತರ ತಾಯಿಯನ್ನೂ ಕಳೆದುಕೊಂಡನು. ಉಪ್ಸಾಲದಲ್ಲಿ ವೈದ್ಯವಿದ್ಯೆಯನ್ನು ಕಲಿತನಾದರೂ ಮನಸ್ಸು ನೆಲೆಸಿದ್ದು ರಸಾಯನಶಾಸ್ತ್ರದಲ್ಲಿ. ಸ್ಟಾಕ್‌ಹೋಮಿನ ಆತನ ಪ್ರಯೋಗಶಾಲೆಗೂ ಅಡುಗೆಮನೆಗೂ ಹೆಚ್ಚು ಅಂತರವಿರಲಿಲ್ಲ. ಅಡುಗೆ ಮಾಡುತ್ತಿದ್ದ ಆನಾ ಸುಂಡ್‌ಸ್ಟ್ರೋಮಳೇ ಗಾಜಿನ ಪಾತ್ರೆಗಳನ್ನು ತೊಳೆಯುತ್ತ ನುರಿತ ಸಹಾಯಕಳಾದಳು. ಅವಳ ಹೆಸರನ್ನು ಪಠ್ಯಪುಸ್ತಕಗಳು ಮರೆತದ್ದು ನ್ಯಾಯವಲ್ಲ.

1815ರಲ್ಲಿ ಹೊಸ ಮೂಲವಸ್ತು ದೊರೆಯಿತೆಂದು ನಂಬಿ ಆತನು ಅದಕ್ಕೆ ಥೋರ್ ದೇವತೆಯ ಹೆಸರನ್ನಿಟ್ಟನು. ಸುಮಾರು ಹತ್ತು ವರ್ಷಗಳ ತರುವಾಯ, ಅದು ಯಿಟ್ರಿಯಮ್ ಫಾಸ್ಫೇಟು ಮಾತ್ರವೆಂದು ತಾನೇ ಪರೀಕ್ಷಿಸಿ ತಿಳಿದು, ಯುರೋಪಿನ ವಿದ್ವಾಂಸರೆದುರು ಹಿಂತೆಗೆದುಕೊಂಡನು. ಕೀರ್ತಿಯ ಶಿಖರದಲ್ಲಿದ್ದವನಿಗೆ ಇದು ಸುಲಭದ ಕಾರ್ಯವಲ್ಲ. ಬಳಿಕ ನಾರ್ವೆಯಿಂದ ಬಂದ ಕಪ್ಪು ಖನಿಜವೊಂದರಲ್ಲಿ ನಿಜವಾದ ಹೊಸ ಮೂಲವಸ್ತು ಸಿಕ್ಕಿತು. ಬಿಟ್ಟ ಹೆಸರನ್ನೇ ಅದಕ್ಕೆ ಕೊಟ್ಟನು: ಥೋರಿಯಮ್.

ಗ್ಯಾಡೋಲಿನೈಟ್ ಎಂಬ ಕಲ್ಲನ್ನು ಕಾಯಿಸಿದಾಗ ಅದು ಹಠಾತ್ತನೆ ಕೆಂಡದಂತೆ ಬೆಳಗುವುದನ್ನೂ ಆತನು ದಾಖಲಿಸಿದನು. ಕಾರಣವನ್ನು ತಿಳಿಯುವ ದಾರಿ ಆಗ ಇರಲಿಲ್ಲ. 1848ರಲ್ಲಿ ಆತನು ತೀರಿಕೊಂಡಾಗ ವಿಕಿರಣಶೀಲತೆಯ ಶೋಧಕ್ಕೆ ಇನ್ನೂ ಅರ್ಧ ಶತಮಾನವಿತ್ತು. ಇಂತಹ ಕಲ್ಲುಗಳಲ್ಲಿ ಅಡಗಿರುವ ಥೋರಿಯಮ್, ಯುರೇನಿಯಮ್ ಪರಮಾಣುಗಳು ಒಡೆದು ಆಲ್ಫಾ ಕಣವನ್ನು ಎಸೆಯುತ್ತವೆ. ಬಂದೂಕು ಹಾರಿದಾಗ ಹಿಡಿಯು ಭುಜಕ್ಕೆ ಒದೆಯುವಂತೆ, ಉಳಿದ ಭಾರದ ಬೀಜವು ಹಿಂದಕ್ಕೆ ನುಗ್ಗಿ ನೂರಾರು ನೆರೆಯ ಪರಮಾಣುಗಳನ್ನು ಸ್ಥಾನದಿಂದ ಕದಲಿಸುತ್ತದೆ. ಕೋಟ್ಯಂತರ ವರ್ಷಗಳಲ್ಲಿ ಸ್ಫಟಿಕದ ಸಾಲುಗಳು ಕೆಟ್ಟು, ಕಲ್ಲು ಉಬ್ಬಿ, ಒಳಗೆ ಗಾಜಿನಂತಾಗುತ್ತದೆ. ಹೊರಗಿನ ಆಕಾರ ಮಾತ್ರ ಹಾಗೆಯೇ ಉಳಿಯುತ್ತದೆ. ಕಾಯಿಸಿದಾಗ ಪರಮಾಣುಗಳು ಮರಳಿ ಸಾಲಿಗೆ ಸೇರಿ, ಕೂಡಿಟ್ಟ ಶಕ್ತಿಯನ್ನು ಬಿಡುತ್ತವೆ. ಬೆರ್ಜೀಲಿಯಸನು ಕಂಡ ಬೆಳಕು ಅದೇ. ವಿಕಿರಣವೇ ಇದಕ್ಕೆ ಕಾರಣವೆಂದು ಹಾಂಬರ್ಗನು ಸೂಚಿಸಿದ್ದು 1914ರಲ್ಲಿ.

ಎಲ್ಲ ಕಲ್ಲುಗಳೂ ಹೀಗೆ ಸೋಲುವುದಿಲ್ಲ. ನಮ್ಮ ಕೇರಳದ ಚವರ ಕಡಲತೀರದ ಮರಳಿನಲ್ಲಿರುವ ಮೋನಜೈಟು, ಥೋರಿಯಮನ್ನು ಒಡಲಲ್ಲಿಟ್ಟುಕೊಂಡೂ ಸ್ಫಟಿಕವಾಗಿಯೇ ಉಳಿಯುತ್ತದೆ. ಅದರ ಗಾಯಗಳು ಬೇಗ ಮಾಯುತ್ತವೆ. ಅಣುಸ್ಥಾವರಗಳ ತ್ಯಾಜ್ಯವನ್ನು ಸಾವಿರಾರು ವರ್ಷ ಬಂಧಿಸಿಡಬಲ್ಲ ಸಿರಾಮಿಕ್ಕನ್ನು ಹುಡುಕುವವರು ಈ ಮರಳಿನ ಗುಣವನ್ನೇ ಅಭ್ಯಸಿಸುತ್ತಿದ್ದಾರೆ.