ಅಹಮದಾಬಾದಿಗೆ ನಲ್ಲಿಯ ನೀರು ತಂದ ರಣಛೋಡಲಾಲರು

ಬೆಳಗಿನ ಜಾವ ನಾಲ್ಕು ಗಂಟೆಗೆದ್ದು ಹೋಟೆಲಿನ ಒಲೆ ಹೊತ್ತಿಸುವ ನಮ್ಮ ಹುಡುಗರು ಎಲ್ಲಕ್ಕೂ ಮೊದಲು ಕೈಯಿಡುವುದು ನಲ್ಲಿಗೆ. ನಲ್ಲಿ ಬಾರದ ದಿನ ಇಡ್ಲಿಯಿಲ್ಲ, ಕಾಫಿಯಿಲ್ಲ, ಮಾಲಿಕನಿಗೆ ನೆಮ್ಮದಿಯೂ ಇಲ್ಲ. ಇದನ್ನು ಈ ಲೇಖಕನು ಅನುಭವದಿಂದಲೇ ಬಲ್ಲನು. ಆದರೆ ಈ ನಗರಕ್ಕೆ ಆ ನಲ್ಲಿಯನ್ನು ತಂದವರಾರೆಂದು ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ವಿರಳ. ರಾವ್ ಬಹಾದ್ದೂರ್ ರಣಛೋಡಲಾಲ ಛೋಟಾಲಾಲರನ್ನು ಗುಜರಾತಿಗಳು ಇಲ್ಲಿಯ ಬಟ್ಟೆಗಿರಣಿಗಳ ಮೂಲಪುರುಷರೆಂದು ಸ್ಮರಿಸುತ್ತಾರೆ. ಅವರ ಬಾಳಿನ ಉತ್ತರಾರ್ಧವೆಲ್ಲ ನೀರಿನ ಕಥೆಯೆಂಬುದನ್ನು ಅಷ್ಟಾಗಿ ಹೇಳುವುದಿಲ್ಲ.

1823ರಲ್ಲಿ ಅಹಮದಾಬಾದಿನ ನಾಗರ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದ ಅವರು ಉದ್ಯೋಗ ಆರಂಭಿಸಿದ್ದು ಸುಂಕದ ಕಚೇರಿಯ ಗುಮಾಸ್ತರಾಗಿ. ಅಲ್ಲಿಂದ ಮೇಲೇರಿ ಪಂಚಮಹಲಿನಲ್ಲಿ ಅಧಿಕಾರ ಪಡೆದರು. 1850ರ ದಶಕದಲ್ಲಿ ಲಂಚದ ಆಪಾದನೆಗೆ ಗುರಿಯಾಗಿ ಆ ಕೆಲಸವನ್ನೂ ಕಳೆದುಕೊಂಡರು. ಗುಮಾಸ್ತಿಕೆಯಲ್ಲಿರುವ ನಮ್ಮ ವಾಚಕರಿಗೆ ಆ ಆಘಾತವೆಂಥದೆಂದು ವಿವರಿಸಬೇಕಿಲ್ಲ.

ಅವರು ಕೈಕಟ್ಟಿ ಕೂಡಲಿಲ್ಲ. ಲಂಡನ್ನಿನಲ್ಲಿದ್ದ ದಾದಾಭಾಯಿ ನವರೋಜಿಯವರ ಮೂಲಕ ಗಿರಣಿಯ ಯಂತ್ರಗಳನ್ನು ತರಿಸಲು ಹೊರಟರು. ಮೊದಲ ಯಂತ್ರಗಳು ಸಮುದ್ರದಲ್ಲಿಯೇ ನಾಶವಾದವು. ಎರಡನೆಯ ಸಲ ಬಂದವನ್ನು, ಆಗಿನ್ನೂ ಅಹಮದಾಬಾದಿಗೆ ರೈಲಿಲ್ಲದುದರಿಂದ, ಖಂಭಾತ ಬಂದರಿನಿಂದ ಎತ್ತಿನ ಗಾಡಿಗಳಲ್ಲಿ ಎಳೆಸಬೇಕಾಯಿತು. ಯಂತ್ರ ಜೋಡಿಸಲು ಇಂಗ್ಲೆಂಡಿನಿಂದ ಬಂದ ಎಂಜಿನಿಯರು ಕಾಲರಾಕ್ಕೆ ತುತ್ತಾದನು. ಇಷ್ಟೆಲ್ಲ ಆದ ಮೇಲೆ 1861ರ ಮೇ ತಿಂಗಳಲ್ಲಿ 2,500 ಕದಿರುಗಳು ಮತ್ತು 65 ಮಂದಿ ಕೆಲಸಗಾರರೊಡನೆ ಗಿರಣಿ ಪ್ರಾರಂಭವಾಯಿತು.

ಆ ಎಂಜಿನಿಯರನನ್ನು ಕೊಂದ ಕಾಲರಾ ಆಗ ಊರಿಗೆ ಮರಳಿ ಮರಳಿ ಬರುವ ನೆಂಟನಾಗಿತ್ತು. ಪೋಳುಗಳ ಇಕ್ಕಟ್ಟಿನ ಓಣಿಗಳಲ್ಲಿ ಮನೆಮನೆಗೂ ಇಂಗುಗುಂಡಿ. ಇಲ್ಲಿಯವರು ಅದನ್ನು ಖಾಳಕೂವೊ ಎನ್ನುತ್ತಾರೆ. ಬಚ್ಚಲ ನೀರೆಲ್ಲ ಅದರಲ್ಲಿಳಿದು ನೆಲಕ್ಕೆ ಇಂಗುತ್ತಿತ್ತು. ಅನತಿದೂರದಲ್ಲಿಯೇ ನೀರು ಸೇದುವ ಬಾವಿ. ಉಳ್ಳವರ ಮನೆಗಳಲ್ಲಿ ಮಳೆನೀರು ಹಿಡಿದಿಡುವ ಟಾಂಕಾ ಇರುತ್ತಿತ್ತು. ಬಡವರಿಗೆ ಬಾವಿಯೇ ಗತಿ.

ಪುರಸಭೆಯ ಸದಸ್ಯರಾಗಿದ್ದು, 1885ರಲ್ಲಿ ಅದರ ಅಧ್ಯಕ್ಷರಾದ ರಣಛೋಡಲಾಲರು ಎಂಜಿನಿಯರರೂ ಅಲ್ಲ, ವೈದ್ಯರೂ ಅಲ್ಲ. ಆದರೆ ಬಲ್ಲವರನ್ನು ಕೇಳುವುದಕ್ಕೆ ಅವರಿಗೆ ಸಂಕೋಚವಿರಲಿಲ್ಲ. ಸೈನಿಕರ ಶುಶ್ರೂಷೆಯಿಂದ ಜಗತ್ಪ್ರಸಿದ್ಧರಾಗಿ, ಮರಣಸಂಖ್ಯೆಗಳ ಅಭ್ಯಾಸದಿಂದ ಸರಕಾರಗಳನ್ನೇ ಎಚ್ಚರಿಸಿದ್ದ ಫ್ಲಾರೆನ್ಸ್ ನೈಟಿಂಗೇಲ್ ಅವರೊಡನೆ ಪತ್ರವ್ಯವಹಾರ ನಡೆಸಿದರು. ಆಗ ಭಾರತಕ್ಕೆ ಬಂದಿದ್ದ ನೈರ್ಮಲ್ಯ ಎಂಜಿನಿಯರ್ ಬಾಲ್ಡ್ವಿನ್ ಲೇಥಮ್ ಅವರ ಸಲಹೆಯನ್ನೂ ಪಡೆದರು. ಅಂದಿನ ವಿಜ್ಞಾನ ಸ್ಪಷ್ಟವಾಗಿ ತಿಳಿಸುತ್ತಿದ್ದ ವಿಷಯ ಒಂದಿತ್ತು. ಮನೆಗೆ ಧಾರಾಳವಾಗಿ ನೀರು ತಂದು, ಬಳಸಿದ ನೀರು ಹೊರಹೋಗುವ ದಾರಿ ಮಾಡದಿದ್ದರೆ ಇಂಗುಗುಂಡಿಗಳು ಉಕ್ಕಿ ನೆಲವು ಮತ್ತಷ್ಟು ಹೊಲಸಾಗುವುದು. ಆದ್ದರಿಂದ ನೀರಿನ ಕೊಳವೆಯೂ ನೆಲದೊಳಗಿನ ಚರಂಡಿಯೂ ಜೊತೆಯಾಗಿಯೇ ಬರಬೇಕು. ನೀರು ಮಾತ್ರ ತಂದು ಹೊಗಳಿಕೆ ಪಡೆಯುವುದು ಸುಲಭವಾಗಿತ್ತು. ಅವರು ಎರಡನ್ನೂ ಹಿಡಿದರು.

ಊರು ಎದ್ದು ನಿಂತಿತು. ಸಭೆಗಳು ಸೇರಿದವು, ಅರ್ಜಿಗಳು ಹೋದವು. ಹೊಸ ತೆರಿಗೆಯ ಭಯವೊಂದು. ಕೊಳವೆಯ ನೀರನ್ನು ಕುಡಿದರೆ ಆಚಾರ ಕೆಡುವುದೆಂಬ ಶಂಕೆ ಇನ್ನೊಂದು. ನೆಲದಡಿಯ ಚರಂಡಿಯಿಂದ ವಿಷವಾಯು ಏಳುವುದೆಂದವರೂ ಇದ್ದರು. ತೆರಿಗೆಯ ಭಯವನ್ನು ಮಾತ್ರ ನಾವು ಹಗುರವಾಗಿ ಕಾಣಲಾಗದು. ಸಣ್ಣ ಮನೆಯವನಿಗೆ ಅದು ನಿಜವಾದ ಹೊರೆ. ಪುರಸಭೆಯೊಳಗೂ ವಿರೋಧ ಬಲವಾಗಿತ್ತು. ಅಧ್ಯಕ್ಷರು ಮಣಿಯಲಿಲ್ಲ; ಚರಂಡಿಯ ಕೆಲಸವನ್ನು ಮೊದಲು ಊರಿನ ಒಂದು ಭಾಗದಲ್ಲಿ ನಡೆಸಿ ಪರಿಣಾಮವನ್ನು ಜನರ ಕಣ್ಣಮುಂದಿರಿಸುವ ಮಾರ್ಗ ಹಿಡಿದರು.

ನೀರಿನ ಯೋಜನೆ 1890ರ ದಶಕದ ಆರಂಭದಲ್ಲಿ ಫಲಿಸಿತು. ದೂಧೇಶ್ವರದ ಬಳಿ ಸಾಬರಮತಿಯ ಪಾತ್ರದಲ್ಲಿ ಬಾವಿಗಳನ್ನು ತೋಡಿದರು. ಹೊಳೆಯ ಮರಳೇ ನೀರನ್ನು ಸೋಸಿ ಕೊಡುತ್ತಿತ್ತು. ಆ ನೀರನ್ನು ಉಗಿಯಂತ್ರಗಳು ಮೇಲೆತ್ತಿದವು. ಕಬ್ಬಿಣದ ಕೊಳವೆಗಳು ಓಣಿಗಳಿಗೆ ಒಯ್ದವು. ಆ ಕಾಲದಲ್ಲಿಯೇ ಸಯಾಜಿರಾವ್ ಮಹಾರಾಜರು ಬಡೋದೆಗೆ ಆಜವಾ ಕೆರೆಯ ನೀರು ತರಿಸಿದರು. ಅದೇ ದಶಕದಲ್ಲಿ ನಮ್ಮವರೇ ಆದ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಎಂಜಿನಿಯರಾಗಿ ಸೂರತ್ತಿನಲ್ಲಿದ್ದರೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ. ಆದರೆ ಬಡೋದೆಯಲ್ಲಿ ಮಹಾರಾಜರ ಅಪ್ಪಣೆ ಸಾಕಾಗಿತ್ತು. ಇಲ್ಲಿ ತೆರಿಗೆ ಕೊಡುವವನ ಎದುರಿಗೆ ನಿಂತು ಕೆಲಸ ಮಾಡಬೇಕಾಗಿತ್ತು.

ಸರಕಾರವು ಅವರಿಗೆ ಸಿ. ಐ. ಇ. ಬಿರುದನ್ನಿತ್ತಿತು, ಮುಂಬಯಿಯ ಶಾಸನಸಭೆಯಲ್ಲಿಯೂ ಅವರು ಸದಸ್ಯರಾಗಿದ್ದರು. 1898ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಚರಂಡಿಯ ಕೆಲಸ ಅರ್ಧದಲ್ಲಿತ್ತು. ಅನೇಕ ಪೋಳುಗಳಲ್ಲಿ ಇಂಗುಗುಂಡಿಗಳು ಹಾಗೆಯೇ ಉಳಿದಿದ್ದವು. ಅವನ್ನೆಲ್ಲ ಮುಚ್ಚಿಸುವ ಕೆಲಸ ಮುಂದೆ ಬಂದ ಪುರಸಭೆಗಳ ಪಾಲಿಗೆ ಬಿತ್ತು.