ರೇಖೆಯ ಸಾಧಕ

ಮರದ ಚಿತ್ರವನ್ನು ಬರೆಯುವಾಗ ಕೊಂಬೆಯೊಂದು ತುಸು ಉದ್ದವಾದರೆ ನೋಡುವವರಿಗೆ ಅದು ತಪ್ಪೆಂದು ತೋರುವುದಿಲ್ಲ. ಬೆಟ್ಟದ ನೆತ್ತಿ ಸ್ವಲ್ಪ ಓರೆಯಾದರೂ ಚಿತ್ರದ ಅಂದ ಕೆಡುವುದಿಲ್ಲ. ಆದರೆ ಮನುಷ್ಯನ ತೋಳು ಎರಡು ಬೆರಳಿನಷ್ಟು ಹೆಚ್ಚು ಉದ್ದವಾದರೆ ಸಾಕು, ಚಿಕ್ಕ ಮಗು ಕೂಡ ಅದನ್ನು ಗುರುತಿಸಿ ನಗುತ್ತದೆ. ಹುಟ್ಟಿದಂದಿನಿಂದ ಪ್ರತಿಯೊಬ್ಬರ ಕಣ್ಣಿಗೂ ಬಳಕೆಯಾದ ರೂಪ ಮನುಷ್ಯನ ರೂಪ. ಆದ್ದರಿಂದಲೇ ಅದನ್ನು ಸರಿಯಾಗಿ ಬರೆಯುವುದು ಎಲ್ಲಕ್ಕಿಂತ ಕಠಿಣವಾದ ಕೆಲಸ. ಈ ಕಠಿಣ ವಿದ್ಯೆಯನ್ನು ಶ್ರದ್ಧೆಯಿಂದ ಕಲಿತು, ಕಲಿತದ್ದರಲ್ಲಿ ತೃಪ್ತಿ ಹೊಂದದೆ ಬಾಳಿನುದ್ದಕ್ಕೂ ವಿದ್ಯಾರ್ಥಿಯಾಗಿಯೇ ಉಳಿದ ಕನ್ನಡನಾಡಿನ ಕಲಾವಿದರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು.

ಹೆಬ್ಬಾರರು 1911ರಲ್ಲಿ ಉಡುಪಿಗೆ ಸಮೀಪದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ ಜನಿಸಿದರು. ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಆದರೆ ಕಣ್ಣಿಗೂ ಕಿವಿಗೂ ಬರವಿರಲಿಲ್ಲ. ಅವರ ತಂದೆ ಚೌತಿಯ ಹಬ್ಬಕ್ಕೆ ಗಣಪತಿಯ ವಿಗ್ರಹಗಳನ್ನು ಮಾಡುತ್ತಿದ್ದರು. ಹಸಿಯ ಮಣ್ಣಿನ ಮುದ್ದೆಯು ಬೆರಳುಗಳ ನಡುವೆ ಹೊಟ್ಟೆಯಾಗಿ, ಸೊಂಡಿಲಾಗಿ, ಕೈಕಾಲುಗಳಾಗಿ ರೂಪುಗೊಳ್ಳುವುದನ್ನು ಬಾಲಕ ಕೃಷ್ಣನು ನೋಡುತ್ತ ಬೆಳೆದನು. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟಗಳು, ದೀವಟಿಗೆಯ ಬೆಳಕಿನಲ್ಲಿ ಕುಣಿಯುವ ಭೂತದ ವೇಷಗಳು, ಕೋಳಿ ಅಂಕದ ಗದ್ದಲ, ಗದ್ದೆಯಲ್ಲಿ ಬಾಗಿ ನಾಟಿ ಮಾಡುವ ಹೆಂಗಸರ ಸಾಲು, ಇವೆಲ್ಲ ಅವನ ಮನಸ್ಸಿನಲ್ಲಿ ಅಚ್ಚೊತ್ತಿದವು. ಮುಂದೆ ಕೆಲಕಾಲ ಶಾಲೆಯಲ್ಲಿ ಶಿಕ್ಷಕರಾಗಿ ದುಡಿದ ಹೆಬ್ಬಾರರಿಗೆ ಆ ವೃತ್ತಿಯಲ್ಲಿಯೇ ನೆಲೆಯೂರುವುದು ಸಾಧ್ಯವಿತ್ತು. ಚಿತ್ರಕಲೆಯ ಹಂಬಲ ಅವರನ್ನು ಸುಮ್ಮನಿರಗೊಡಲಿಲ್ಲ. ಅವರು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆಯಲ್ಲಿ ಸ್ವಲ್ಪ ಕಾಲ ಅಭ್ಯಾಸಮಾಡಿ, ಬಳಿಕ ಮುಂಬಯಿಯ ದಾರಿ ಹಿಡಿದರು.

ಕಲೆಯನ್ನು ಕಲಿಯಬೇಕೆನ್ನುವ ತರುಣರಿಗೆ ಆ ಕಾಲದಲ್ಲಿ ಮುಂಬಯಿಯೇ ಗುರಿಯಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹುಬ್ಬಳ್ಳಿ-ಧಾರವಾಡಗಳ ವಿದ್ಯಾರ್ಥಿಗಳು ಮುಂಬಯಿ ಸರಕಾರದ ಚಿತ್ರಕಲಾ ಪರೀಕ್ಷೆಗಳಿಗೇ ಕುಳಿತುಕೊಳ್ಳುತ್ತಿದ್ದರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು ಸ್ವಂತ ಪ್ರಯತ್ನದಿಂದ ಕಲಾಶಾಲೆಯೊಂದನ್ನು ಆರಂಭಿಸಿದುದೂ 1930ರ ದಶಕದಲ್ಲಿಯೇ. ಮುಂಬಯಿಗೆ ಬಂದಿಳಿದ ಕನ್ನಡಿಗ ತರುಣರಿಗೆ ಜಿ. ಎಸ್. ದಂಡಾವತಿಮಠ ಅವರ ನೂತನ ಕಲಾಮಂದಿರ ಮೊದಲ ಮೆಟ್ಟಿಲಾಯಿತು. ಹೆಬ್ಬಾರರೂ ಅಲ್ಲಿ ಕೈಯನ್ನು ಪಳಗಿಸಿಕೊಂಡು, ಪ್ರಸಿದ್ಧವಾದ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಸರ್ ಜಮ್‌ಸೆಟ್‌ಜಿ ಜೀಜೀಭಾಯ್ ಅವರ ದಾನದಿಂದ 1857ರಲ್ಲಿ ಸ್ಥಾಪಿತವಾದ ಆ ಶಾಲೆ, ಆ ವೇಳೆಗೆ ಮನುಷ್ಯಾಕೃತಿಯ ಅಭ್ಯಾಸಕ್ಕೆ ಹೆಸರಾಗಿತ್ತು.

ಇಂಥ ಶಾಲೆಗಳಲ್ಲಿ ಮನುಷ್ಯನನ್ನು ಬರೆಯಲು ಕಲಿಸುವುದಕ್ಕೆ ಒಂದು ಕ್ರಮವಿತ್ತು. ಹೊಸ ವಿದ್ಯಾರ್ಥಿಯನ್ನು ಮೊದಲ ದಿನವೇ ಜೀವಂತ ವ್ಯಕ್ತಿಯ ಮುಂದೆ ಕೂಡಿಸುತ್ತಿರಲಿಲ್ಲ. ಅವನು ಮೊದಲು ಗ್ರೀಕ್ ಶಿಲ್ಪಗಳ ಅಚ್ಚಿನಿಂದ ತೆಗೆದ ಬಿಳಿಯ ಪ್ರತಿಮೆಗಳನ್ನು ಬರೆಯಬೇಕಾಗಿತ್ತು. ಅಲುಗಾಡದ ಆ ಮೂಗು, ತುಟಿ, ಪಾದಗಳ ಮೇಲೆ ಬೆಳಕು ಬೀಳುವ ಬಗೆಯನ್ನೂ ನೆರಳು ಸರಿಯುವ ಬಗೆಯನ್ನೂ ಇದ್ದಲಿನ ಕಡ್ಡಿಯಿಂದ ತಿಂಗಳುಗಟ್ಟಲೆ ಅಭ್ಯಸಿಸಬೇಕಾಗಿತ್ತು. ಅನಂತರ ಬರುವುದು ಅಸ್ಥಿಪಂಜರದ ಪಾಠ. ಪ್ರಾಯಕ್ಕೆ ಬಂದ ಮನುಷ್ಯನ ಶರೀರದಲ್ಲಿ 206 ಎಲುಬುಗಳಿವೆ. ಅವೆಲ್ಲವೂ ಚಿತ್ರಕಾರನಿಗೆ ಸಮಾನವಾಗಿ ಬೇಕಾದವುಗಳಲ್ಲ. ಕತ್ತಿನ ಕೆಳಗಿನ ಕೊರಳೆಲುಬು, ಮೊಣಕೈ, ಮಣಿಕಟ್ಟು, ಸೊಂಟದ ಅಂಚು, ಮೊಣಕಾಲಿನ ಚಿಪ್ಪು, ಹರಡು ಇವುಗಳಲ್ಲಿ ಎಲುಬು ಚರ್ಮದ ಹತ್ತಿರಕ್ಕೆ ಬರುತ್ತದೆ. ದೂರದ ಊರಿಗೆ ಹೋಗುವವನು ದಾರಿಯ ಮೈಲುಗಲ್ಲುಗಳನ್ನು ನೋಡುವಂತೆ, ಚಿತ್ರಕಾರನು ಈ ಗುರುತುಗಳನ್ನು ಹಿಡಿದು ಶರೀರವನ್ನು ಅಳೆಯುತ್ತಾನೆ.

ಎಲುಬುಗಳಾದ ಮೇಲೆ ಸ್ನಾಯುಗಳು. ಅಂಗೈಯನ್ನು ಮೇಲ್ಮುಖವಾಗಿ ಹಿಡಿದಾಗ ಮುಂಗೈಯ ಎರಡು ಎಲುಬುಗಳು ಪಕ್ಕಪಕ್ಕದಲ್ಲಿ ಇರುತ್ತವೆ. ಅಂಗೈಯನ್ನು ಕೆಳಗೆ ಹೊರಳಿಸಿದೊಡನೆ ಒಂದು ಎಲುಬು ಇನ್ನೊಂದರ ಮೇಲೆ ಅಡ್ಡಹಾಯುತ್ತದೆ, ಮುಂಗೈಯ ಆಕಾರವೇ ಬದಲಾಗುತ್ತದೆ. ಒಳಗಿನ ಈ ಕಾರಣವನ್ನು ತಿಳಿಯದವನು ಹೊರಗಿನ ಆಕಾರವನ್ನು ಊಹೆಯಿಂದ ಬರೆದು ತಪ್ಪುತ್ತಾನೆ. ಅಳತೆಯ ವಿಚಾರವೂ ಹೀಗೆಯೇ. ತಲೆಯ ಎತ್ತರವನ್ನು ಒಂದು ಮಾನವಾಗಿ ಇಟ್ಟುಕೊಂಡರೆ ಪ್ರಾಯಸ್ಥನ ಶರೀರ ಸುಮಾರು ಏಳೂವರೆ ಮಾನ ಎತ್ತರವಾಗುತ್ತದೆ. ಹಸುಗೂಸಿನದು ನಾಲ್ಕು ಮಾನ ಮಾತ್ರ. ದೊಡ್ಡವರ ಅಳತೆಯಲ್ಲಿ ಮಗುವನ್ನು ಬರೆದರೆ ಅದು ಮಗುವಾಗದೆ ಕುಳ್ಳನಂತೆ ಕಾಣುವುದಕ್ಕೆ ಇದೇ ಕಾರಣ. ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತವನ ಸೊಂಟ ಆ ಕಡೆಗೆ ಏರುತ್ತದೆ, ಭುಜ ಅದೇ ಕಡೆಗೆ ಇಳಿಯುತ್ತದೆ. ಅವನ ಕೊರಳ ಗುಳಿಯಿಂದ ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಬಳಿಗೇ ಬರುತ್ತದೆ. ಹಾಗೆ ಬರದಿದ್ದರೆ ಚಿತ್ರದಲ್ಲಿರುವವನು ಬೀಳುವಂತೆ ತೋರುತ್ತಾನೆ. ಇಷ್ಟನ್ನು ಅರಿತ ಮೇಲೆಯೇ ವಿದ್ಯಾರ್ಥಿಗೆ ಜೀವಂತ ರೂಪದರ್ಶಿಯ ಮುಂದೆ ಕುಳಿತುಕೊಳ್ಳುವ ಅರ್ಹತೆ ಬರುತ್ತಿತ್ತು.

ಈ ವಿದ್ಯೆ ಬೆಳೆದು ಬಂದ ಕಥೆ ದೊಡ್ಡದು. ಇಟಲಿಯ ಲಿಯೊನಾರ್ಡೊ ಡ ವಿಂಚಿಯು ಶವಗಳನ್ನು ಸ್ವತಃ ಛೇದಿಸಿ ನೋಡಿ, ಕಂಡದ್ದನ್ನು ನೂರಾರು ಚಿತ್ರಗಳಲ್ಲಿ ದಾಖಲಿಸಿದನು. 1543ರಲ್ಲಿ ವೆಸಾಲಿಯಸ್ ಎಂಬ ವೈದ್ಯನು ಪ್ರಕಟಿಸಿದ ಶರೀರಶಾಸ್ತ್ರದ ಮಹಾಗ್ರಂಥ ವೈದ್ಯರಿಗೂ ಕಲಾವಿದರಿಗೂ ಸಮಾನವಾಗಿ ದಾರಿದೀಪವಾಯಿತು. ಭಾರತದ ಶಿಲ್ಪಿಗಳ ಮಾರ್ಗ ಬೇರೆ. ಅವರು ತಾಳಮಾನವೆಂಬ ಅಳತೆಯ ಪದ್ಧತಿಯನ್ನು ಅನುಸರಿಸಿ, ದೇವತಾಮೂರ್ತಿಗೆ ಒಂಬತ್ತು ತಾಳದಂತಹ ಪ್ರಮಾಣಗಳನ್ನು ಗೊತ್ತುಪಡಿಸಿದರು. ಅವರಿಗೆ ಸ್ನಾಯುವಿನ ಉಬ್ಬುತಗ್ಗಿಗಿಂತ ಒಳಗಿನ ಪ್ರಾಣದ ತುಂಬುತನ ಮುಖ್ಯವಾಗಿತ್ತು. ಈ ಎರಡು ಮಾರ್ಗಗಳ ಕೂಡುದಾರಿಯಲ್ಲಿ ಹೆಬ್ಬಾರರು ಬಂದು ನಿಂತರು.

1938ರಲ್ಲಿ ಅವರು ಜೆ. ಜೆ. ಶಾಲೆಯ ಡಿಪ್ಲೊಮಾ ಪಡೆದರು. 1940ರಿಂದ 1945ರವರೆಗೆ ಅದೇ ಶಾಲೆಯಲ್ಲಿ ಅಧ್ಯಾಪಕರಾಗಿದ್ದರು. ಕಲಿತ ವಿದ್ಯೆಗೆ ಮನ್ನಣೆ ದೊರಕಿತ್ತು. ಆದರೂ ಅವರ ಮನಸ್ಸಿಗೆ ಸಮಾಧಾನವಿರಲಿಲ್ಲ. ಪಾಶ್ಚಾತ್ಯ ಪದ್ಧತಿಯಲ್ಲಿ ಬರೆದ ಆಕೃತಿಗಳು ಅಳತೆಗೆ ಸರಿಯಾಗಿದ್ದವು. ಆದರೆ ಅವುಗಳಲ್ಲಿ ಕಟ್ಟಿಂಗೇರಿಯ ಗದ್ದೆಯ ಜೀವ, ಯಕ್ಷಗಾನದ ಬೀಸು ಇರಲಿಲ್ಲ. ರೂಪದರ್ಶಿ ಅಲುಗದೆ ಕುಳಿತಿರುತ್ತಾನೆ. ಬದುಕು ಹಾಗೆ ಕುಳಿತಿರುವುದಿಲ್ಲ. ಈ ಕೊರತೆ ಅವರನ್ನು ಬಾಧಿಸಿತು. ಅವರು ಜೈನ ಹಸ್ತಪ್ರತಿಗಳ ಚಿತ್ರಗಳನ್ನೂ ರಜಪೂತ, ಮೊಗಲ ಶೈಲಿಗಳ ಕಿರುಚಿತ್ರಗಳನ್ನೂ ಅಭ್ಯಸಿಸಿದರು. ಅಮೃತಾ ಶೇರ್‌ಗಿಲ್ ಅವರ ಕೃತಿಗಳು ಹೊಸ ದಾರಿಯನ್ನು ತೋರಿದವು. ಕೇರಳದಲ್ಲಿ ಸಂಚರಿಸಿ ಅಲ್ಲಿಯ ಜನಜೀವನವನ್ನು ಸರಳವಾದ ಆಕಾರ, ಬೆಚ್ಚನೆಯ ಬಣ್ಣಗಳಲ್ಲಿ ಚಿತ್ರಿಸಿದರು.

ಚಲನೆಯ ಗುಟ್ಟನ್ನು ತಿಳಿಯಲು ಹೆಬ್ಬಾರರು ಮಾಡಿದ ಕೆಲಸ ಅಪರೂಪವಾದುದು. ಅವರು ಪಂಡಿತ ಸುಂದರಪ್ರಸಾದರ ಬಳಿ ಕಥಕ್ ನೃತ್ಯವನ್ನು ಕಲಿತರು. ವೇದಿಕೆಯ ಮೇಲೆ ನರ್ತಕನಾಗಬೇಕೆಂಬ ಆಸೆ ಅವರಿಗಿರಲಿಲ್ಲ. ನೋಡಿ ಬರೆಯುವವನಿಗೆ ಭಂಗಿಯ ಹೊರಗಿನ ಗೆರೆ ಮಾತ್ರ ಕಾಣುತ್ತದೆ. ಕುಣಿಯುವವನಿಗೆ ಭಾರ ಎಲ್ಲಿಂದ ಎಲ್ಲಿಗೆ ಸಾಗಿತು, ಯಾವ ಕೀಲು ಮೊದಲು ತಿರುಗಿತು, ಉಸಿರು ಎಲ್ಲಿ ನಿಂತಿತು ಎಂಬುದು ಮೈಗೇ ತಿಳಿಯುತ್ತದೆ. ಶಾಲೆಯಲ್ಲಿ ಅಸ್ಥಿಪಂಜರದ ಮುಂದೆ ಕುಳಿತು ಕಲಿತ ಪಾಠವನ್ನು ಅವರು ಗೆಜ್ಜೆ ಕಟ್ಟಿ ಪೂರ್ಣಗೊಳಿಸಿಕೊಂಡರು. ಅಧ್ಯಾಪಕ ವೃತ್ತಿಯನ್ನು ಮಾಡಿ ಹೆಸರು ಗಳಿಸಿದ್ದ ಅವರು 1949ರಲ್ಲಿ ಪ್ಯಾರಿಸ್ಸಿಗೆ ತೆರಳಿ, ಅಕಾಡೆಮಿ ಜೂಲಿಯನ್ ಎಂಬ ಕಲಾಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾದರು. ಗುರುವಾದ ಮೇಲೆ ಶಿಷ್ಯನಾಗುವುದಕ್ಕೆ ಅವರು ಸಂಕೋಚಪಡಲಿಲ್ಲ.

ಈ ಎಲ್ಲ ಸಾಧನೆಯ ಫಲ ಅವರ ರೇಖಾಚಿತ್ರಗಳಲ್ಲಿ ಕಂಡುಬಂದಿತು. ಎಲುಬು, ಸ್ನಾಯು, ನೆರಳುಗಳ ವಿವರವೆಲ್ಲ ಕರಗಿ ಕೆಲವೇ ಗೆರೆಗಳು ಉಳಿದವು. ಒಂದು ಎಳೆ ನರ್ತಕಿಯ ಕೊರಳಿನಿಂದ ಹೊರಟು ಬೆನ್ನಿನಲ್ಲಿ ಬಳುಕಿ ಹಿಮ್ಮಡಿಯಲ್ಲಿ ನಿಲ್ಲುತ್ತದೆ. ನೋಡುವವನಿಗೆ ಇಡೀ ಶರೀರ ತಿರುಗಿದಂತೆ ಭಾಸವಾಗುತ್ತದೆ. ವಾದ್ಯಗಾರರು, ಕೂಲಿಕಾರರು, ಹಸಿದವರು, ಕಾದಾಡುವ ಹುಂಜಗಳು, ಎಲ್ಲವೂ ಅವರ ರೇಖೆಯಲ್ಲಿ ಜೀವ ತಳೆದವು. ಇಂಥ ಚಿತ್ರಗಳ ಸಂಗ್ರಹವೊಂದು ‘ಹಾಡುವ ರೇಖೆ’ ಎಂಬ ಅರ್ಥದ ಇಂಗ್ಲಿಷ್ ಹೆಸರಿನಿಂದ ಪ್ರಕಟವಾಯಿತು. ಭಾರತ ಸರಕಾರವು 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನಿತ್ತು ಅವರನ್ನು ಗೌರವಿಸಿತು. ಅವರು ಕೇಂದ್ರ ಲಲಿತಕಲಾ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದರು. 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ನಿಧನರಾದರು. ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಗೆ ಅವರು ನೀಡಿದ ಕೃತಿಗಳು ಕನ್ನಡಿಗರ ಪಾಲಿಗೆ ಉಳಿದಿರುವ ಆಸ್ತಿ.

ಹೆಬ್ಬಾರರ ನಾಲ್ಕಾರು ಗೆರೆಗಳ ಚಿತ್ರವನ್ನು ಕಂಡು, ಇಷ್ಟನ್ನು ಯಾರಾದರೂ ಬರೆಯಬಹುದೆಂದು ಎಣಿಸುವವರುಂಟು. ಆದರೆ ಆ ನಾಲ್ಕು ಗೆರೆಗಳ ಹಿಂದೆ ಅಳಿಸಿ ಬರೆದ ಸಾವಿರಾರು ಗೆರೆಗಳಿವೆ. ಶರೀರದ ಎಲುಬುಗಳು ಕಣ್ಣಿಗೆ ಕಾಣುವುದಿಲ್ಲ. ಶರೀರ ನಿಂತಿರುವುದು ಮಾತ್ರ ಅವುಗಳ ಬಲದಿಂದಲೇ. ಹೆಬ್ಬಾರರ ಕಲೆಯಲ್ಲಿ ಅವರ ಅಭ್ಯಾಸವೂ ಹಾಗೆಯೇ ಅಡಗಿದೆ.